ತುಮಕೂರಿಗೆ ಸಮ್ಮೇಳನ ಕರೆಯೋರು ಯಾರು?

ಓಪನ್ ಸೋರ್ಸ್ (ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶ) ಲೋಕದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪದ್ಧತಿ ಇದೆ. ಮುಂದಿನ ಸಮ್ಮೇಳನ ಯಾವ ಊರಲ್ಲಿ ಅನ್ನೋದನ್ನು ಮೇಲೆ ಕೂತ ಯಾರೋ ಒಬ್ಬರು ಹೇಳುವುದಿಲ್ಲ. ‘ನಮ್ಮೂರಲ್ಲಿ ಮಾಡ್ತೀವಿ, ಬನ್ನಿ’ ಅಂತ ಒಂದು ಊರಿನ ಜನ ಮುಂದೆ ಬರಬೇಕು. ಜಾಗ ಎಲ್ಲಿ, ದಿನ ಯಾವುದು, ಖರ್ಚು ಎಷ್ಟು, ಊಟ ವಸತಿ ಹೇಗೆ, ಕೆಲಸಕ್ಕೆ ನಿಲ್ಲೋರು ಯಾರ್ಯಾರು, ಎಲ್ಲ ಬರೆದು ಕಳಿಸಬೇಕು. ಅದನ್ನು ಓದಿ, ಪ್ರಶ್ನೆ ಕೇಳಿ, ಬೇರೆ ಊರುಗಳ ಜೊತೆ ತೂಗಿ ನೋಡಿ ಆಮೇಲೆ ತೀರ್ಮಾನ. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳೋ ಓಪನ್ ಸೋರ್ಸ್ ವ್ಯವಸ್ಥೆ. ಅದರ ಡೆಸ್ಕ್‌ಟಾಪ್ ಪರದೆ ರೂಪಿಸೋ ಗ್ನೋಮ್‌ನವರ ಏಷ್ಯಾ ಸಮ್ಮೇಳನ ಹೀಗೇ ಊರೂರು ತಿರುಗುತ್ತದೆ. ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನವರ ಡೆಬ್‌ಕಾನ್ಫ್ ಕೂಡ ಹೀಗೇ.

ಅಂಥದ್ದೇ ಒಂದು ಪ್ರಾದೇಶಿಕ ಸಮ್ಮೇಳನದ ಕರೆ ಈಚೆಗೆ ನಮ್ಮ ಗುಂಪಿಗೂ ಬಂತು. ಸಣ್ಣ ಊರಿನವರು ಮುಂದೆ ಬಂದರೆ ಖುಷಿ ಅಂತಲೂ ಬರೆದಿದ್ದರು. ಗುಂಪು ಅಂದರೆ ದೊಡ್ಡದೇನಲ್ಲ. ತುಮಕೂರು, ಗುಬ್ಬಿ, ಕ್ಯಾತ್ಸಂದ್ರ ಕಡೆಯ ಲಿನಕ್ಸ್ ಹುಚ್ಚಿನ ಒಂದಷ್ಟು ಜನರ ವಾಟ್ಸ್‌ಆ್ಯಪ್ ಗುಂಪು. (ಹೌದು, ವಾಟ್ಸ್‌ಆ್ಯಪ್. ನಗಬೇಡಿ. ಓಪನ್ ಸೋರ್ಸ್ ಚಾಟ್ ಆದ ಮ್ಯಾಟ್ರಿಕ್ಸ್‌ನಲ್ಲೂ ಒಂದು ರೂಮ್ ಇದೆ, ಅಲ್ಲಿ ಯಾರೂ ಮಾತಾಡಲ್ಲ.) ಕರೆ ಹಂಚಿಕೊಂಡ ಐದೇ ನಿಮಿಷಕ್ಕೆ ಬಂದ ಮೊದಲ ಉತ್ತರ: ‘ಸೂಪರ್. ಯಾವ ಕಾಲೇಜು ಕೇಳೋಣ?’

ನನ್ನ ತಕರಾರು ಶುರುವಾಗೋದು ಇಲ್ಲಿಂದ.

ಕಾಲೇಜು ಕೇಳೋದು ತಪ್ಪು ಅಂತ ಅಲ್ಲ. ಊರಲ್ಲಿ ಕಾಲೇಜುಗಳಿಗೇನು ಕೊರತೆ? ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು 1963ರಿಂದ ಇದೆ. ಶ್ರೀ ಸಿದ್ಧಾರ್ಥ 1979ರಿಂದ. 2004ರಲ್ಲಿ ವಿಶ್ವವಿದ್ಯಾಲಯವೂ ಬಂತು. ಪ್ರೊಜೆಕ್ಟರ್ ಇರೋ ಹಾಲ್, ಲ್ಯಾಬ್, ಹಾಸ್ಟೆಲ್, ಕ್ಯಾಂಟೀನ್ ಎಲ್ಲ ಒಂದೇ ಕಾಂಪೌಂಡಿನಲ್ಲಿ ಬೇರೆ ಎಲ್ಲಿ ಸಿಗುತ್ತದೆ? ಜಗತ್ತಿನ ದೊಡ್ಡ ಓಪನ್ ಸೋರ್ಸ್ ಜಾತ್ರೆಗಳಲ್ಲಿ ಒಂದಾದ ಫಾಸ್ಡೆಮ್ ನಡೆಯೋದೂ ಬ್ರಸೆಲ್ಸ್‌ನ ಒಂದು ವಿಶ್ವವಿದ್ಯಾಲಯದ ಕ್ಲಾಸ್‌ರೂಮುಗಳಲ್ಲೇ. ಟಿಕೆಟ್ ಇಲ್ಲ, ನೋಂದಣಿ ಇಲ್ಲ, ಸಾವಿರಾರು ಜನ ಬಂದು ಹೋಗುತ್ತಾರೆ. ಬೆಂಗಳೂರಿನಲ್ಲಿ ಗ್ನೋಮ್‌ನಂಥದ್ದೇ ಇನ್ನೊಂದು ಗುಂಪಾದ ಕೆಡಿಇಯ 2011ರ ಸಮ್ಮೇಳನ ಆದದ್ದು ಆರ್.ವಿ. ಕಾಲೇಜಿನಲ್ಲಿ. ಅದೇ ವರ್ಷದ ಗ್ನೋಮ್ ಏಷ್ಯಾ ದಯಾನಂದ ಸಾಗರದಲ್ಲಿ.

ಆದರೆ ಜಾಗ ಕೊಡೋದು ಬೇರೆ, ಯಜಮಾನಿಕೆ ವಹಿಸೋದು ಬೇರೆ. ಕಾಲೇಜಿನ ಕೈಗೆ ಪೂರ್ತಿ ಕೊಟ್ಟರೆ ಏನಾಗುತ್ತದೆ ಅನ್ನೋದನ್ನು ನಾನು ನೋಡಿದ್ದೇನೆ. ಊರು, ಹೆಸರು ಬೇಡ. ಒಂದು ಕಾಲೇಜಿನಲ್ಲಿ ‘ಒನ್ ಡೇ ವರ್ಕ್‌ಶಾಪ್ ಆನ್ ಓಪನ್ ಸೋರ್ಸ್’ ಇತ್ತು. ಹತ್ತು ಗಂಟೆಗೆ ಶುರು ಅಂತ ಬ್ಯಾನರ್. ವೇದಿಕೆ ಮೇಲೆ ಬಿಳಿ ಬಟ್ಟೆ ಹೊದ್ದ ಕುರ್ಚಿಗಳ ಸಾಲು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸೋದು, ಫ್ಯಾನ್ ಗಾಳಿಗೆ ದೀಪ ಆರೋದು, ಫ್ಯಾನ್ ಆರಿಸಿ ಮತ್ತೆ ಬೆಳಗಿಸೋದು. ಆಮೇಲೆ ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಅಧ್ಯಕ್ಷರ ಭಾಷಣದಲ್ಲಿ ಓಪನ್ ಸೋರ್ಸ್ ಅಂದರೆ ಫ್ರೀ, ಫ್ರೀ ಅಂದರೆ ದುಡ್ಡು ಕೊಡಬೇಕಿಲ್ಲ, ಆದ್ದರಿಂದ ಎಲ್ಲರೂ ಡೌನ್‌ಲೋಡ್ ಮಾಡಿಕೊಳ್ಳಿ ಎಂಬ ಸಂದೇಶ. ನಿಜವಾಗಿ ಮಾತಾಡಬೇಕಿದ್ದ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಮೂಲೆಯಲ್ಲಿ ಕಾಯುತ್ತಿದ್ದಳು. ಅವಳ ಕೈಗೆ ಮೈಕ್ ಬರೋ ಹೊತ್ತಿಗೆ ಊಟದ ಗಂಟೆ ಹತ್ತಿರ ಬಂದಿತ್ತು. ಗಣ್ಯರು ಎದ್ದು ಹೋದರು, ಅವರ ಹಿಂದೆ ಮೇಷ್ಟ್ರುಗಳು ಹೋದರು. ಉಳಿದ ಹುಡುಗರು ಅಟೆಂಡೆನ್ಸ್‌ಗೆ ಕೂತಿದ್ದರು. ಸಂಜೆ ಸರ್ಟಿಫಿಕೇಟ್ ಹಂಚಿದ್ದಂತೂ ಬಹಳ ಶಿಸ್ತಾಗಿ ನಡೆಯಿತು.

ಆ ಕಾಲೇಜಿನವರು ಕೆಟ್ಟವರಲ್ಲ. ಅವರಿಗೆ ಗೊತ್ತಿರೋ ಕಾರ್ಯಕ್ರಮದ ಆಕಾರ ಅದು. ಅವರು ಕರೆದರೆ ಅದೇ ಆಕಾರ ಬರುತ್ತದೆ. ಬೇರೆಯವರು ಕರೆದು ಅವರ ಹಾಲ್ ಬಾಡಿಗೆಗೋ ಪುಕ್ಕಟೆಗೋ ತಗೊಂಡರೆ ಬೇರೆ ಆಕಾರ ಬರುತ್ತದೆ.

ಹಾಗಾದರೆ ಕರೆಯೋರು ಯಾರು?

ಸಮ್ಮೇಳನ ನಡೆಸೋದು ನಮಗೇನು ಹೊಸದಲ್ಲ. ಕನ್ನಡ ಸಾಹಿತ್ಯ ಸಮ್ಮೇಳನ 1915ರಿಂದ ಊರೂರು ಸುತ್ತುತ್ತಿದೆ. 2023ರಲ್ಲಿ ಹಾವೇರಿ, 2024ರ ಕೊನೆಯಲ್ಲಿ ಮಂಡ್ಯ. 2002ರಲ್ಲಿ ತುಮಕೂರಿಗೇ ಬಂದಿತ್ತು, ಯು.ಆರ್. ಅನಂತಮೂರ್ತಿಯವರು ಅಧ್ಯಕ್ಷರಾಗಿದ್ದರು. ಸ್ವಾಗತ ಸಮಿತಿ, ಊಟದ ಸಮಿತಿ, ವಸತಿ ಸಮಿತಿ, ಮೆರವಣಿಗೆ ಸಮಿತಿ ಅಂತ ಹಂಚಿಕೊಂಡು ಕೆಲಸ ಮಾಡಿ ನಮ್ಮ ಜಿಲ್ಲೆಯವರಿಗೆ ಅಭ್ಯಾಸ ಇದೆ. ಸಿದ್ಧಗಂಗೆಯ ನೆರಳಲ್ಲಿ ಬೆಳೆದ ಊರಿಗೆ ಮುನ್ನೂರು ಜನರ ಊಟ ಒಂದು ಲೆಕ್ಕವೇ? ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬೆಳಿಗ್ಗೆ, ಮಧ್ಯಾಹ್ನ ಮುದ್ದೆ ಬಸ್ಸಾರು, ಮುದ್ದೆ ಬೇಡ ಅನ್ನೋರಿಗೆ ಅನ್ನ. ಪ್ರಸ್ತಾವದ ಅರ್ಧ ಪುಟ ಹೀಗೆ ಸಲೀಸಾಗಿ ತುಂಬುತ್ತದೆ.

ತುಂಬದೇ ಉಳಿಯೋದು ‘ಸ್ಥಳೀಯ ತಂಡ’ ಅನ್ನೋ ಕಾಲಂ. ಕರೆ ಕೊಡೋರು ನಿಜವಾಗಿ ನೋಡೋದೂ ಅದನ್ನೇ. ಹಾಲ್ ಎಲ್ಲ ಊರಲ್ಲೂ ಸಿಗುತ್ತದೆ. ಡೆಬ್‌ಕಾನ್ಫ್ 2013ರಲ್ಲಿ ಸ್ವಿಟ್ಜರ್ಲೆಂಡಿನ ವೋಮಾರ್ಕ್ಯೂ ಅನ್ನೋ ಕೆರೆ ದಂಡೆಯ ಹಳ್ಳಿಯಲ್ಲಿ ನಡೆಯಿತು. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಪಕ್ಕದ ಕೊಚ್ಚಿಗೆ ಬಂತು. ಆದರೆ ಅದಕ್ಕೆ ಮುಂಚೆ ವರ್ಷಗಟ್ಟಲೆ ಭಾರತದ ಬೇರೆ ಬೇರೆ ಊರುಗಳಲ್ಲಿ ಮಿನಿ ಡೆಬ್‌ಕಾನ್ಫ್‌ಗಳು ಆಗಿದ್ದವು. ಅವುಗಳಲ್ಲಿ ನನಗೆ ಹತ್ತಿರದ್ದು ಅಂತ ಅನ್ನಿಸೋದು ವಿಳುಪ್ಪುರಂ. ತಮಿಳುನಾಡಿನ ಒಂದು ಜಿಲ್ಲಾ ಕೇಂದ್ರ, ಚೆನ್ನೈಗೆ ಹೋಗೋ ದಾರಿಯಲ್ಲಿ ಸಿಗೋ ಊರು. ನಮ್ಮ ಹಾಗೇ. ಅಲ್ಲಿ ಲಿನಕ್ಸ್ ಬಳಸೋರ ಒಂದು ಗುಂಪು ಇದೆ. 2023ರ ಜನವರಿಯಲ್ಲಿ ಮಿನಿ ಡೆಬ್‌ಕಾನ್ಫ್ ಅಲ್ಲಿಗೆ ಬಂದದ್ದು ಆ ಗುಂಪು ಮುಂದೆ ನಿಂತದ್ದರಿಂದ. ಜಾಗ ಇಂಜಿನಿಯರಿಂಗ್ ಕಾಲೇಜಿನದ್ದೇ. ಕರೆದದ್ದು ಗುಂಪು.

ನಮ್ಮೂರಲ್ಲಿ ಅಂಥ ಜನ ಇಲ್ಲವಾ? ಇದ್ದಾರೆ. ಆದರೆ ತಾವು ‘ಓಪನ್ ಸೋರ್ಸ್ ಸಮುದಾಯ’ ಅಂತ ಅವರಿಗೆ ಯಾರೂ ಹೇಳಿಲ್ಲ.

ಅಶೋಕ ರಸ್ತೆಯಿಂದ ಒಳಗೆ ಹೋಗೋ ಒಂದು ಗಲ್ಲಿಯಲ್ಲಿ ನಮ್ಮ ಗುಂಪಿನವರೆಲ್ಲ ‘ಡಿಟಿಪಿ ಅಣ್ಣ’ ಅಂತ ಕರೆಯೋ ಒಬ್ಬರಿದ್ದಾರೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ, ಶ್ರದ್ಧಾಂಜಲಿ ಕಾರ್ಡು ಅವರ ಕೆಲಸ. ಪೇಜ್‌ಮೇಕರ್ ಕಾಲದಿಂದ ಅದೇ ಕುರ್ಚಿ. ಹಳೇ ಕಂಪ್ಯೂಟರ್ ಕೈಕೊಟ್ಟಾಗ ಹೊಸದಕ್ಕೆ ಲಿನಕ್ಸ್ ಹಾಕಿ ಪುಟ ಜೋಡಿಸೋ ಓಪನ್ ಸೋರ್ಸ್ ತಂತ್ರಾಂಶ ಸ್ಕ್ರೈಬಸ್ ತೋರಿಸೋಣ ಅಂತ ಹೋಗಿದ್ದೆವು. ನಾನು ಮೆನುಗಳನ್ನು ಒಂದೊಂದಾಗಿ ವಿವರಿಸುತ್ತಿದ್ದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡು ಕೆ.ಪಿ. ರಾವ್ ವಿನ್ಯಾಸದಲ್ಲಿ ಟಕಟಕ ಅಂತ ‘ಸ್ವಾತಂತ್ರ್ಯ’ ಅಂತ ಹೊಡೆದರು. ಆಮೇಲೆ ‘ರಾಷ್ಟ್ರ’. ಆಮೇಲೆ ‘ಮುಹೂರ್ತ’. ಕನ್ನಡಕ ಮೇಲೆತ್ತಿ ಪರದೆಗೆ ಮೂಗು ತಾಗಿಸಿ ಒತ್ತಕ್ಷರ ಸರಿಯಾಗಿ ಕೆಳಗೆ ಕೂತಿದೆಯಾ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಡಿಕ್ಕಿ ಹೊಡೆದಿದೆಯಾ ಅಂತ ನೋಡಿದರು. ‘ಪರ್ವಾಗಿಲ್ಲ, ಕೂತಿದೆ. ಸಿಎಂವೈಕೆ ಬರುತ್ತಾ?’ ಪ್ರೆಸ್ಸಿನ ನಾಲ್ಕು ಬಣ್ಣದ ಲೆಕ್ಕ ಅದು. ಬರುತ್ತೆ ಅಂದೆ. ‘ಮತ್ತೆ ನನ್ನ ಹಳೇ ಫೈಲುಗಳು?’

ಹಳೇ ಫೈಲು ತೆರೆದರೆ ಅದೇ ಹಳೇ ಕಥೆ. ‘ನುಡಿ’ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟಿನಲ್ಲಿ ಹೊಡೆದದ್ದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರೋ ಎ, ಮಧ್ಯೆ ಒಂದು ಪೌಂಡ್ ಗುರುತು. ಅದನ್ನು ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣೋ ಯುನಿಕೋಡ್‌ಗೆ ತಿರುಗಿಸೋ ಓಪನ್ ಸೋರ್ಸ್ ಪರಿವರ್ತಕಗಳನ್ನು ಕನ್ನಡದವರೇ ಬರೆದಿದ್ದಾರೆ. ಅವುಗಳಲ್ಲಿ ಒಂದನ್ನು ಹಾಕಿಕೊಟ್ಟೆವು. ಒಂದು ವಾರ ಬಿಟ್ಟು ಹೋದರೆ ಒಂದು ಹಾಳೆ ತುಂಬಾ ಬರೆದಿಟ್ಟಿದ್ದರು: ಯಾವ ಪದ ತಪ್ಪಾಗಿ ತಿರುಗುತ್ತದೆ, ಎಲ್ಲಿ ಅರ್ಕಾವತ್ತು ಜಾಗ ಬಿಟ್ಟು ಹೋಗುತ್ತದೆ, ಲಗ್ನಪತ್ರಿಕೆಯ ‘ಚಿ॥ ರಾ॥’ ಏನಾಗುತ್ತದೆ. ಅಷ್ಟು ಚೆನ್ನಾದ ಬಗ್ ರಿಪೋರ್ಟ್ ನಾನು ಇಂಜಿನಿಯರುಗಳ ಕೈಯಲ್ಲಿ ಅಪರೂಪಕ್ಕೆ ನೋಡಿದ್ದೇನೆ. ಸ್ಕ್ರೈಬಸ್‌ಗೆ ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸೋ ಶಕ್ತಿ ಬಂದದ್ದು 1.5 ಸರಣಿಯಲ್ಲಿ, ಅಕ್ಷರ ಜೋಡಿಸೋ ಹಾರ್ಫ್‌ಬಜ್ ಅನ್ನೋ ತಂತ್ರಾಂಶ ಸೇರಿಸಿದ ಮೇಲೆ. ಅದು ಸ್ಥಿರ ಆವೃತ್ತಿಯಾಗಿ ಕೈಗೆ ಸಿಕ್ಕಿದ್ದು 2024ರ ಜನವರಿಯ 1.6ರಲ್ಲಿ. ಅದನ್ನು ದಿನಾ ಉಜ್ಜಿ ನೋಡೋ ಕನ್ನಡಿಗ ಬೇಕಿದ್ದರೆ ಅವರು ಈ ಗಲ್ಲಿಯಲ್ಲಿದ್ದಾರೆ. ಬೆಂಗಳೂರಿನ ಸಮ್ಮೇಳನಕ್ಕೆ ಅವರು ಯಾವತ್ತೂ ಹೋಗುವುದಿಲ್ಲ. ಅಂಗಡಿ ಮುಚ್ಚಿದರೆ ಆ ದಿನದ ದುಡಿಮೆ ಹೋಯಿತು.

ಇನ್ನೊಬ್ಬರು ಒಂದು ಕಾಲೇಜಿನ ಗ್ರಂಥಾಲಯದ ಮೇಡಂ. ಅವರು ಕೋಹಾ ಅನ್ನೋ ಗ್ರಂಥಾಲಯದ ತಂತ್ರಾಂಶ ನಡೆಸುತ್ತಾರೆ. ನ್ಯೂಜಿಲೆಂಡಿನ ಹೊರೊವೆನುವಾ ಅನ್ನೋ ಸಣ್ಣ ಜಿಲ್ಲೆಯ ಗ್ರಂಥಾಲಯಕ್ಕೆ 2000ನೇ ಇಸವಿ ಬಂದರೆ ತಮ್ಮ ಹಳೇ ಸಿಸ್ಟಂ ನಿಂತುಹೋಗುತ್ತದೆ ಅನ್ನೋ ಭಯ ಇತ್ತು. ಅದಕ್ಕೆ 1999ರಲ್ಲಿ ಬರೆಸಿ, ಆಮೇಲೆ ಎಲ್ಲರಿಗೂ ಕೊಟ್ಟ ತಂತ್ರಾಂಶ ಅದು. ಜಿಲ್ಲೆಯ ತಲೆನೋವಿಗೆ ಹುಟ್ಟಿದ್ದು ಇವತ್ತು ನಮ್ಮ ಜಿಲ್ಲೆಯಲ್ಲೂ ಓಡುತ್ತಿದೆ. ಕೋಹಾದ ಸಮ್ಮೇಳನವೂ ಊರು ಬದಲಿಸುತ್ತಲೇ ಇರುತ್ತದೆ. ಅರ್ಜೆಂಟೀನಾದ ಕಾರ್ಡೋಬಾ, ನೈಜೀರಿಯಾದ ಇಬಾದಾನ್, 2011ರಲ್ಲಿ ನಮ್ಮ ದೇಶದ, ಮುಂಬೈ ಪಕ್ಕದ ಠಾಣೆ ನಗರ. ಮೇಡಂಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ಗಂಟೆಗೆ ಮುಗಿಯುತ್ತೆ? ಐದರ ಮೇಲಾದ್ರೆ ಕೊರಟಗೆರೆ ಕಡೆಯ ಹೆಣ್ಮಕ್ಕಳು ಯಾರೂ ಉಳಿಯಲ್ಲ.’ ಬೆಂಗಳೂರಿನ ಸಮ್ಮೇಳನಗಳಲ್ಲಿ ಆರರ ಮೇಲೆ ‘ನೆಟ್‌ವರ್ಕಿಂಗ್’ ಅಂತ ಇಟ್ಟಿರುತ್ತಾರಲ್ಲ, ಅದು ಯಾರಿಗೆ ಅನ್ನೋದನ್ನು ನಾನು ಅಲ್ಲಿಯವರೆಗೂ ಯೋಚಿಸಿರಲಿಲ್ಲ. ನಮ್ಮ ವೇಳಾಪಟ್ಟಿ ನಾಲ್ಕೂಮುಕ್ಕಾಲಿಗೆ ಮುಗಿಯುತ್ತದೆ.

ಇನ್ನು ರೈಲಿನವರು. ಬೆಳಿಗ್ಗೆ ಎದ್ದು ಪಾಸು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರೋ ಸಾಫ್ಟ್‌ವೇರ್ ಜನ. ನಮ್ಮಲ್ಲಿ ಕೋಡ್ ಬರೆಯೋರು ಹೆಚ್ಚಿನವರು ಇವರೇ. ಒಬ್ಬ ಹುಡುಗ ಯಶವಂತಪುರ ಬರೋ ಹೊತ್ತಿಗೆ ಫೋನಿನಲ್ಲೇ ಒಂದಷ್ಟು ವಾಕ್ಯಗಳನ್ನು ಕನ್ನಡಕ್ಕೆ ಮಾಡಿ ವೆಬ್ಲೇಟ್ ಅನ್ನೋ ತಂತ್ರಾಂಶ ಅನುವಾದದ ತಾಣಕ್ಕೆ ಸೇರಿಸಿರುತ್ತಾನೆ, ಸೀಟು ಸಿಕ್ಕಿದ ದಿನ. ಇವರನ್ನು ಭಾನುವಾರ ಬಿಟ್ಟು ಬೇರೆ ದಿನ ಕೇಳುವ ಹಾಗಿಲ್ಲ.

ಗುಂಪಿನಲ್ಲಿ ಒಬ್ಬರು ನೇರವಾಗಿ ಕೇಳಿದರು: ‘ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಬೆಂಗಳೂರು ಇದೆ. ಎಲ್ಲಾ ಅಲ್ಲೇ ಆಗುತ್ತೆ. ಇಲ್ಲಿಗ್ಯಾಕೆ?’ ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಅಂತ ಶುರುವಾಗಿ, 2005ರಲ್ಲಿ ‘ಫಾಸ್ ಡಾಟ್ ಇನ್’ ಆಗಿ, 2012ರವರೆಗೆ ನಡೆದ ಸಮ್ಮೇಳನ ಈ ದೇಶದ ಎಷ್ಟೋ ಜನರನ್ನು ಓಪನ್ ಸೋರ್ಸ್‌ಗೆ ತಂದಿತು. ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯೋರ ಸಮ್ಮೇಳನ ಪೈಕಾನ್ ಇಂಡಿಯಾ 2009ರಲ್ಲಿ ಮೊದಲು ನಡೆದದ್ದೂ ಅಲ್ಲೇ. ನಾನು ಬೆಂಗಳೂರಿನ ಮೇಲೆ ಮುನಿಸಿಕೊಂಡಿಲ್ಲ. ಆದರೆ ಅಲ್ಲಿ ಬರೋರು ಈಗಾಗಲೇ ಈ ದಾರಿ ಹಿಡಿದವರು. ಡಿಟಿಪಿ ಅಣ್ಣ, ಗ್ರಂಥಾಲಯದ ಮೇಡಂ, ಶಿರಾ ಪಾವಗಡ ಕಡೆಯ ಹೈಸ್ಕೂಲ್ ಮೇಷ್ಟ್ರು, ಇವರು ಬರಬೇಕಾದರೆ ಸಮ್ಮೇಳನ ಬಸ್ ಹಿಡಿಯಬೇಕು, ಇವರಲ್ಲ. ಬಂದರೆ ಸಾಲದು, ಕರೆಯೋರ ಪಟ್ಟಿಯಲ್ಲೂ ಇವರ ಹೆಸರಿರಬೇಕು. ಯಾಕೆಂದರೆ ಐದು ಗಂಟೆ ಬಸ್ಸಿನ ವಿಷಯ ನನಗೆ ಹೊಳೆಯಲಿಲ್ಲ, ಮೇಡಂಗೆ ಹೊಳೆಯಿತು.

ಕರೆಂಟಿನ ವಿಷಯದಲ್ಲೂ ಹೀಗೇ ಆಯಿತು. ಒಂದು ಕೋಣೆಯಲ್ಲಿ ಅರವತ್ತು ಜನ ಲ್ಯಾಪ್‌ಟಾಪ್ ಚುಚ್ಚಿದರೆ, ಒಂದಕ್ಕೆ 65 ವ್ಯಾಟ್ ಲೆಕ್ಕದಲ್ಲಿ 4 ಕಿಲೋವ್ಯಾಟ್ ಹತ್ತಿರ ಬರುತ್ತದೆ. ಗೋಡೆಯ 6 ಆಂಪಿಯರ್ ಪಾಯಿಂಟ್ ಒಂದಕ್ಕೆ ಇಪ್ಪತ್ತು ಲ್ಯಾಪ್‌ಟಾಪ್ ಅಂದರೆ ಅದರ ಮಿತಿಯ ಅಂಚಿಗೇ ಬಂತು. ನಾವು ಎಕ್ಸ್‌ಟೆನ್ಷನ್ ಬಾಕ್ಸಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸೋ ಯೋಚನೆಯಲ್ಲಿದ್ದೆವು. ಶಾಮಿಯಾನ ಲೈಟಿಂಗ್‌ನವರನ್ನು ಕೇಳಿದರೆ ಆ ಹುಡುಗ ನಕ್ಕ. ‘ಸಾರ್, ಹಂಗೆ ಮಾಡಿದ್ರೆ ವೈರ್ ಸುಡುತ್ತೆ. ಮೇನ್ ಬೋರ್ಡಿಂದ ಮೂರು ಫೇಸ್ ಬೇರೆ ಬೇರೆ ಎಳೀತೀನಿ, ಸಾಲಿಗೊಂದು ಎಂಸಿಬಿ ಹಾಕ್ತೀನಿ’ ಅಂದ. ಎಂಸಿಬಿ ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಬೀಳೋ ಸ್ವಿಚ್. ಜಾತ್ರೆ, ಆರ್ಕೆಸ್ಟ್ರಾ, ಮದುವೆ ಅಂತ ಲೋಡ್ ಹಂಚಿ ಹಂಚಿ ಪಳಗಿದ ಕೈ. ಸ್ಥಳೀಯ ತಂಡದ ಪಟ್ಟಿಯಲ್ಲಿ ಅವನ ಹೆಸರೂ ಇದೆ. ಬರೀ ಬಿಲ್ ಕೊಡೋ ವೆಂಡರ್ ಅಂತ ಹಾಕೋದು ನನಗೆ ಸರಿ ಕಾಣಲಿಲ್ಲ.

ನೆಟ್ ಮಾತ್ರ ನಾವೇ ನೋಡಿಕೊಳ್ಳಬೇಕು. ಸಮ್ಮೇಳನಗಳಲ್ಲಿ ವೈಫೈ ಬಿದ್ದುಹೋಗೋದು ಮಾಮೂಲು. 250 ಜನ ಬಂದರೆ ಫೋನು ಲ್ಯಾಪ್‌ಟಾಪ್ ಸೇರಿ 500 ಸಾಧನ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ ಮೂರೇ: 1, 6, 11. ಮನೆ ರೂಟರುಗಳನ್ನು ಮೂಲೆ ಮೂಲೆಗೆ ನೇತು ಹಾಕಿದರೆ ಒಂದರ ಮಾತು ಇನ್ನೊಂದಕ್ಕೆ ಕೇಳದ ಸಂತೆಯಾಗುತ್ತದೆ, ಅಷ್ಟೇ. ಅದಕ್ಕೆ 5 ಗಿಗಾಹರ್ಟ್ಸ್‌ನ ಆ್ಯಕ್ಸೆಸ್ ಪಾಯಿಂಟುಗಳು, ಮಾತಾಡೋರಿಗೆ ಪ್ರತ್ಯೇಕ ಕೇಬಲ್. ಇನ್ನೊಂದು ಮುಖ್ಯ. ವರ್ಕ್‌ಶಾಪಿನಲ್ಲಿ ಅರವತ್ತು ಜನ ತಲಾ ಒಂದೂವರೆ ಜಿಬಿ ಇಳಿಸಿಕೊಂಡರೆ 90 ಜಿಬಿ. 100 ಎಂಬಿಪಿಎಸ್ ಲೈನ್ ಪೂರ್ತಿ ನಮಗೇ ಸಿಕ್ಕಿದರೂ ಎರಡು ಗಂಟೆ ಅದಕ್ಕೇ ಹೋಯಿತು. ಹಾಗಾಗಿ ಒಂದು ಹಳೇ ಡೆಸ್ಕ್‌ಟಾಪಿನಲ್ಲಿ ಎಲ್ಲ ಪ್ಯಾಕೇಜುಗಳ ಪ್ರತಿ ಮೊದಲೇ ಇಳಿಸಿಟ್ಟು, ಹಾಲ್ ಒಳಗಿನಿಂದಲೇ ಹಂಚೋದು. ನೆಟ್ ಹೋದರೂ ವರ್ಕ್‌ಶಾಪ್ ನಿಲ್ಲುವುದಿಲ್ಲ. ಓಪನ್ ಸೋರ್ಸ್‌ನಲ್ಲಿ ಇರೋ ಸುಖವೇ ಇದು. ನಕಲು ಮಾಡಿಟ್ಟುಕೊಳ್ಳೋದಕ್ಕೆ ಯಾರ ಅಪ್ಪಣೆಯೂ ಬೇಡ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮಂಥ ಗುಂಪಿಗೆ ನೋಂದಣಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಯಾರದೋ ಸ್ವಂತ ಖಾತೆಗೆ ಪ್ರಾಯೋಜಕರ ಹಣ ಹಾಕಿಸಿಕೊಳ್ಳೋದು ಸುಮ್ನೆ ತಲೆನೋವು, ಸ್ನೇಹವೂ ಕೆಡುತ್ತದೆ. ಹೊರದೇಶದ ಸಂಸ್ಥೆ ದೇಣಿಗೆ ಕೊಡುತ್ತೇನೆ ಅಂದರಂತೂ 2010ರ ವಿದೇಶಿ ದೇಣಿಗೆ ಕಾಯ್ದೆ ಅಡ್ಡ ಬರುತ್ತದೆ. ಅದರ ಪ್ರಕಾರ ಅನುಮತಿ ಇದ್ದವರು ಮಾತ್ರ, ಅದೂ 2020ರ ತಿದ್ದುಪಡಿಯ ಮೇಲೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯ ಮೂಲಕವೇ ಪಡೆಯಬೇಕು. ಹಾಗಾಗಿ ಲೆಕ್ಕಪತ್ರ ಇಟ್ಟು ರೂಢಿ ಇರೋ, ಈ ಕ್ಷೇತ್ರದಲ್ಲೇ ಕೆಲಸ ಮಾಡೋ ಒಂದು ನೋಂದಾಯಿತ ಸಂಸ್ಥೆಯ ಹೆಗಲಿಗೆ ಹಣದ ಕೆಲಸ ಕೊಟ್ಟುಬಿಡೋದು ಲೇಸು.

ದಿನಾಂಕಕ್ಕೆ ಬಂದರೆ, ಕರೆ ಕೊಟ್ಟವರು ಫೆಬ್ರವರಿ–ಮಾರ್ಚ್ ಆದರೆ ಒಳ್ಳೇದು ಅಂದಿದ್ದರು. ಶಿವರಾತ್ರಿ ಆಸುಪಾಸು ಬೇಡ ಅಂತ ನಾವು. ಸಿದ್ಧಗಂಗೆ ಜಾತ್ರೆ, ದನಗಳ ಪರಿಷೆ, ವಸ್ತುಪ್ರದರ್ಶನ ಅಂತ ಊರು ತುಂಬಿರುತ್ತದೆ, ಲಾಡ್ಜು ಸಿಗುವುದಿಲ್ಲ. ಗುಂಪಿನ ಒಬ್ಬರು ಮಾತ್ರ ‘ಅದೇ ಟೈಮಲ್ಲಿ ಮಾಡಿ, ವಸ್ತುಪ್ರದರ್ಶನದಲ್ಲಿ ಒಂದು ಮಳಿಗೆ ಹಾಕೋಣ’ ಅಂತ ಹಟ ಹಿಡಿದಿದ್ದಾರೆ. ತಮಾಷೆ ಅಂದುಕೊಂಡಿದ್ದೆ. ಈಗ ಅನ್ನಿಸುತ್ತಿದೆ, ಸಮ್ಮೇಳನ ಬೇರೆ ದಿನ ಇದ್ದರೂ ಮಳಿಗೆ ಹಾಕಬಹುದಲ್ವಾ?

ಇನ್ನೂ ಇತ್ಯರ್ಥ ಆಗದ ಜಗಳ ಒಂದಿದೆ, ಭಾಷೆಯದ್ದು. ಬೇರೆ ರಾಜ್ಯದವರೂ ಬರುತ್ತಾರೆ, ಎಲ್ಲವೂ ಇಂಗ್ಲಿಷಿನಲ್ಲಿರಲಿ ಅಂತ ರೈಲಿನವರು. ಎರಡು ಹಾಲ್ ಇದ್ದರೆ ಒಂದು ಪೂರ್ತಿ ಕನ್ನಡಕ್ಕೆ, ಎರಡೂ ದಿನ, ಬೆಳಿಗ್ಗೆಯಿಂದ ಸಂಜೆವರೆಗೆ ಅಂತ ನಾನು. ಮಧ್ಯಾಹ್ನ ಊಟದ ಮೇಲೆ ನಿದ್ದೆ ಬರೋ ಹೊತ್ತಿಗೆ ಒಂದೇ ಒಂದು ಕನ್ನಡ ಗೋಷ್ಠಿ ಇಟ್ಟು ಕೈ ತೊಳೆದುಕೊಳ್ಳೋದಾದರೆ ಡಿಟಿಪಿ ಅಣ್ಣನನ್ನು ಕರೆದು ಕೂರಿಸೋದು ಯಾಕೆ? ಅವರಿಗೆ ಈಗಾಗಲೇ ವಿಷಯ ಕೊಟ್ಟಾಗಿದೆ: ‘ಲಗ್ನಪತ್ರಿಕೆಯಲ್ಲಿ ಕೆಡುವ ಒತ್ತಕ್ಷರಗಳು’. ಸ್ಲೈಡ್ ಬೇಡ, ಪ್ರಿಂಟ್ ತಗೊಂಡು ಬಂದು ಗೋಡೆಗೆ ಅಂಟಿಸುತ್ತೇನೆ ಅಂದಿದ್ದಾರೆ. ಅದರ ಮುಂದೆ ಫಾಂಟ್ ಮಾಡೋ ನಾಲ್ಕು ಜನ ನಿಂತು ವಾದ ಮಾಡಿದರೆ ನನ್ನ ಮಟ್ಟಿಗೆ ಸಮ್ಮೇಳನ ಗೆದ್ದಂತೆ.

ಕಾಲೇಜಿಗೂ ಪತ್ರ ಕೊಟ್ಟಿದ್ದೇವೆ. ಹಾಲ್ ಬೇಕು, ಲ್ಯಾಬ್ ಬೇಕು, ಹಾಸ್ಟೆಲ್ ಕೋಣೆ ಬೇಕು, ಉದ್ಘಾಟನೆ ಹತ್ತು ನಿಮಿಷ, ವೇದಿಕೆ ಮೇಲೆ ಕುರ್ಚಿ ಇರುವುದಿಲ್ಲ. ಕೊನೆಯ ಷರತ್ತಿನ ಬಗ್ಗೆ ಒಂದು ಫೋನ್ ಬಂದಿದೆ. ‘ಪ್ರಿನ್ಸಿಪಾಲರಿಗೆ ಒಂದಾದ್ರೂ ಹಾಕ್ರೀ’ ಅಂದರು. ಮೊದಲ ಸಾಲಿನಲ್ಲಿ ಹಾಕುತ್ತೇವೆ ಅಂತ ಹೇಳಿದ್ದೇನೆ. ಉತ್ತರ ಬರಬೇಕು. ಅದು ಬಂದರೂ ಬರದಿದ್ದರೂ ಪ್ರಸ್ತಾವ ಈ ತಿಂಗಳ ಕೊನೆಗೆ ಹೋಗುತ್ತದೆ. ಆಯ್ಕೆಯಾಗದಿದ್ದರೆ ಇದೇ ಪಟ್ಟಿಯ ಜನರನ್ನು ಇಟ್ಟುಕೊಂಡು ಒಂದು ದಿನದ ಸಣ್ಣ ಸಮ್ಮೇಳನ ಮಾಡೋದು ಅಂತ ಮಾತಾಗಿದೆ. ಲೈಟಿಂಗ್ ಹುಡುಗ ಮಾತ್ರ ಬೇಗ ದಿನ ಗೊತ್ತುಮಾಡಿ ಅನ್ನುತ್ತಿದ್ದಾನೆ, ಮದುವೆ ಸೀಸನ್ ಶುರುವಾದರೆ ಅವನು ಕೈಗೆ ಸಿಗುವುದಿಲ್ಲ.